ಮುದ್ರೆ, ಹೆಬ್ಬೆಟ್ಟು, ಬೆರಳಚ್ಚು: ಗುರುತಿನ ಕಳವು ಮತ್ತು ಕಾವಲಿನ ಒಂದು ಜಾನಪದ ಚರಿತ್ರೆ

1

2023ರ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ವಂಚನೆಯ ಪ್ರಕರಣವೊಂದು ಜಾನಪದ ಅಧ್ಯಯನಕಾರರ ಗಮನಕ್ಕೂ ಅರ್ಹವಾದುದು. ಆಸ್ತಿ ನೋಂದಣಿಗಾಗಿ ರಾಜ್ಯ ಸರ್ಕಾರ ರೂಪಿಸಿರುವ ‘ಕಾವೇರಿ’ ಜಾಲತಾಣದಿಂದ ವಂಚಕರು ಪರರ ಕ್ರಯಪತ್ರಗಳ ಪ್ರತಿಗಳನ್ನು ಪಡೆದುಕೊಂಡಿದ್ದರು. ಆ ಪತ್ರಗಳ ಮೇಲಿದ್ದ ಬೆರಳಚ್ಚುಗಳಿಂದ ಕೃತಕ ಅಚ್ಚುಗಳನ್ನು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆದಾರರ ಹಣವನ್ನು ತೆಗೆದಿದ್ದರು. ಯಾರ ಮನೆಯ ಬೀಗವನ್ನೂ ಅವರು ಮುರಿಯಲಿಲ್ಲ. ಖಾತೆದಾರರಲ್ಲಿ ಯಾರೂ ತಮ್ಮ ಗುಪ್ತಸಂಖ್ಯೆಯನ್ನು ಬಾಯಿಬಿಟ್ಟಿರಲಿಲ್ಲ. ಹೊಲ-ಮನೆಗಳ ಒಡೆತನವನ್ನು ಭದ್ರಪಡಿಸಲೆಂದು ಒತ್ತಿದ ಹೆಬ್ಬೆಟ್ಟೇ ಅವರ ಹಣ ಸೋರಿಹೋಗುವ ದಾರಿಯಾಯಿತು.

ಇಂಥ ಪ್ರಕರಣಗಳನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಸಮಸ್ಯೆಯೆಂದೇ ಚರ್ಚಿಸಲಾಗುತ್ತದೆ. ಆದರೆ ಒಬ್ಬನ ಗುರುತನ್ನು ಇನ್ನೊಬ್ಬನು ಕದಿಯುವುದು ಗಣಕಯಂತ್ರದೊಂದಿಗೆ ಹುಟ್ಟಿದ ಅಪರಾಧವಲ್ಲ. ವ್ಯಕ್ತಿಯನ್ನು ಸಮುದಾಯ ಹೇಗೆ ಗುರುತಿಸುತ್ತಿತ್ತು, ಆ ಗುರುತನ್ನು ಯಾರು ಕಾಯುತ್ತಿದ್ದರು, ಅದು ಯಾವಾಗ ವ್ಯಕ್ತಿಯಿಂದ ಬೇರ್ಪಟ್ಟು ಕಳವಿಗೆ ಸಿಕ್ಕುವ ವಸ್ತುವಾಯಿತು ಎಂಬ ಪ್ರಶ್ನೆಗಳಿಗೆ ಚಾರಿತ್ರಿಕ ಉತ್ತರಗಳಿವೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನಜೀವನವನ್ನು ಮುಖ್ಯ ಹಿನ್ನೆಲೆಯಾಗಿಟ್ಟುಕೊಂಡು ಆ ಉತ್ತರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದು ಈಗ ಮೂಡಲಗಿ ತಾಲೂಕಿನಲ್ಲಿರುವ ಮಸಗುಪ್ಪಿಯಂಥ ಊರಿನಲ್ಲಿ ಒಬ್ಬ ಮನುಷ್ಯನನ್ನು ಗುರುತಿಸಲು ಕೇವಲ ಅವನ ಹೆಸರು ಸಾಲುವುದಿಲ್ಲ. ಒಂದೇ ಊರಿನಲ್ಲಿ ಹಲವು ಬಸಪ್ಪಂದಿರು, ಹಲವು ಲಕ್ಷ್ಮವ್ವಂದಿರು ಇರುತ್ತಾರೆ. ತಂದೆಯ ಹೆಸರು, ಅಡ್ಡಹೆಸರು, ಬೆಡಗು, ಮನೆದೇವರು, ಓಣಿ, ಹೊಲದ ದಿಕ್ಕು ಇವೆಲ್ಲ ಕೂಡಿ ‘ಇಂಥವನೇ ಇವನು’ ಎಂಬ ತೀರ್ಮಾನ ಸಿದ್ಧವಾಗುತ್ತದೆ. ಬಡಿಗೇರ, ಕುಂಬಾರ, ಹೂಗಾರ, ಪೂಜೇರಿ, ಪಾಟೀಲ ಮೊದಲಾದ ಅಡ್ಡಹೆಸರುಗಳು ಕಸುಬು ಮತ್ತು ಅಧಿಕಾರಗಳನ್ನು ಸೂಚಿಸಿದರೆ, ಬೇರೆ ಕೆಲವು ಮೂಲ ಊರನ್ನು ಸೂಚಿಸುತ್ತವೆ. ಗುರುತು ಇಲ್ಲಿ ಒಂದು ಸಂಖ್ಯೆಯಲ್ಲ. ಅನೇಕರ ನೆನಪುಗಳು ಸಂಧಿಸುವ ಸ್ಥಾನ.

ಹೆಸರು ಹೀಗೆ ಎಲ್ಲರಿಗೂ ತಿಳಿದದ್ದಾದರೂ ಅದನ್ನು ಬಳಸುವುದಕ್ಕೆ ಕಟ್ಟುಪಾಡುಗಳಿದ್ದವು. ಹೆಂಡತಿ ಗಂಡನ ಹೆಸರನ್ನು ನೇರವಾಗಿ ಹೇಳುತ್ತಿರಲಿಲ್ಲ. ಮದುವೆ, ಸೀಮಂತಗಳಲ್ಲಿ ಒತ್ತಾಯಿಸಿದಾಗ ಒಡಪಿನಲ್ಲಿ ಸೇರಿಸಿ ಹೇಳುವುದು ಉತ್ತರ ಕರ್ನಾಟಕದ ವಾಡಿಕೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪ, ಗುಂಡ, ಕಲ್ಲ ಎಂದು ಹೆಸರಿಟ್ಟು ಕೆಟ್ಟ ದೃಷ್ಟಿಯಿಂದ ಮರೆಮಾಡುವ ಪದ್ಧತಿಯೂ ಇತ್ತು. ಕತ್ತರಿಸಿದ ಉಗುರು, ಉದುರಿದ ಕೂದಲು ಪರರ ಕೈಗೆ ಸಿಕ್ಕರೆ ಮಾಟಕ್ಕೆ ಬಳಕೆಯಾದೀತೆಂದು ಅವನ್ನು ಅಡಗಿಸುವ ಎಚ್ಚರ ಇಂದಿಗೂ ಹಲವು ಮನೆಗಳಲ್ಲಿದೆ. ಜೇಮ್ಸ್ ಫ್ರೇಜರ್ ತನ್ನ ‘ದಿ ಗೋಲ್ಡನ್ ಬೌ’ (1890) ಗ್ರಂಥದಲ್ಲಿ ಇದನ್ನು ಸಂಸರ್ಗಮಾಟವೆಂದು ವಿವರಿಸಿದನು: ದೇಹದಿಂದ ಬೇರ್ಪಟ್ಟ ಭಾಗವು ದೇಹದೊಂದಿಗಿನ ಸಂಬಂಧವನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಈ ನಂಬಿಕೆಯ ತಿರುಳು. ಉಗುರಿನ ಮಾಟವನ್ನು ವಿಜ್ಞಾನ ಒಪ್ಪದು. ಆದರೆ ದೇಹದಿಂದ ಬೇರ್ಪಟ್ಟ ಬೆರಳಚ್ಚಿನಿಂದ ದೂರದಲ್ಲಿದ್ದುಕೊಂಡೇ ವ್ಯಕ್ತಿಗೆ ಹಾನಿಮಾಡಬಹುದೆಂಬುದು ಇಂದು ಪೊಲೀಸ್ ಠಾಣೆಯ ಕಡತಗಳಲ್ಲಿ ದಾಖಲಾಗಿರುವ ಸಂಗತಿ.

ಮನೆತನಗಳ ಮಾಹಿತಿಯನ್ನು ಕಾಯುವುದನ್ನೇ ವೃತ್ತಿಯಾಗಿಸಿಕೊಂಡ ಸಮುದಾಯವೊಂದು ಈ ಸೀಮೆಯಲ್ಲಿದೆ. ಬೆಳಗಾವಿ, ವಿಜಯಪುರ, ಧಾರವಾಡ ಭಾಗಗಳಲ್ಲಿ ಸಂಚರಿಸುವ ಹೆಳವರು ಒಕ್ಕಲುಮನೆಗಳ ವಂಶಾವಳಿಯನ್ನು ಬಲ್ಲವರು. ಹೆಳವ ಎಂದರೆ ಕಾಲಿಲ್ಲದವನು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿಕೊಂಡು ಬರುವ ಅವರ ಸಾಂಪ್ರದಾಯಿಕ ಚಿತ್ರವನ್ನು ವಸಾಹತುಕಾಲದ ಬರಹಗಳೂ ದಾಖಲಿಸಿವೆ. ಒಂದು ಮನೆತನ ಎಲ್ಲಿಂದ ಬಂದಿತು, ಯಾವ ತಲೆಮಾರಿನಲ್ಲಿ ಪಾಲಾಯಿತು, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನು ಹಿಂದೆ ಬಾಯಿಪಾಠದಿಂದಲೂ ಅನಂತರ ಹೊತ್ತಿಗೆಗಳ ನೆರವಿನಿಂದಲೂ ಅವರು ಉಳಿಸಿಕೊಂಡು ಬಂದಿದ್ದಾರೆ. ಹೆಳವನು ಬಂದಾಗ ಹೊಸದಾಗಿ ಹುಟ್ಟಿದವರ ಹೆಸರುಗಳು ಸೇರ್ಪಡೆಯಾಗುತ್ತವೆ. ಮನೆಯವರು ಕಾಳು, ಬಟ್ಟೆ, ಹಣಗಳನ್ನು ಕೊಟ್ಟು ಕಳಿಸುತ್ತಾರೆ.

ಮಾಹಿತಿರಕ್ಷಣೆಯ ದೃಷ್ಟಿಯಿಂದ ಈ ವ್ಯವಸ್ಥೆಯಲ್ಲಿ ನಾಲ್ಕು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಮಾಹಿತಿಯನ್ನು ಇಟ್ಟುಕೊಂಡವನ ಮುಖ ಮನೆಯವರಿಗೆ ಪರಿಚಿತ. ಎರಡನೆಯದಾಗಿ, ಅವನು ಅದನ್ನು ಅವರ ಎದುರಿಗೇ ಹೇಳುತ್ತಾನೆ. ತಮ್ಮ ಬಗ್ಗೆ ಅವನಿಗೆ ಏನು ಗೊತ್ತೆಂಬುದು ಅವರಿಗೂ ಗೊತ್ತು. ಮೂರನೆಯದಾಗಿ, ತಪ್ಪಿದ್ದರೆ ಅಲ್ಲಿಯೇ ತಿದ್ದಬಹುದು. ನಾಲ್ಕನೆಯದಾಗಿ, ಇಬ್ಬರ ನಡುವೆ ತಲೆಮಾರುಗಳ ಋಣಸಂಬಂಧವಿದೆ. ನಂಬಿಕೆ ಕೆಟ್ಟರೆ ಅವನ ವೃತ್ತಿಯೇ ಉಳಿಯದು.

ಹಾಗೆಂದು ಗತಕಾಲವನ್ನು ವೈಭವೀಕರಿಸಬೇಕಾಗಿಲ್ಲ. ಹೆಳವರ ವಂಶಾವಳಿ ಮುಖ್ಯವಾಗಿ ಗಂಡುಸಂತಾನದ ಸಾಲನ್ನೇ ಹಿಡಿದು ಸಾಗುತ್ತದೆ. ಹೆಣ್ಣುಮಕ್ಕಳು ಅದರಲ್ಲಿ ಹಿನ್ನೆಲೆಗೆ ಸರಿಯುತ್ತಾರೆ. ಊರೆಲ್ಲ ಬಲ್ಲ ಗುರುತು ಜಾತಿಯ ಗುರುತೂ ಆಗಿದ್ದು, ಅದರಿಂದ ತಪ್ಪಿಸಿಕೊಳ್ಳುವ ಸ್ವಾತಂತ್ರ್ಯ ಅನೇಕರಿಗೆ ಇರಲಿಲ್ಲ. ಮುಖಪರಿಚಯದ ಸಮಾಜ ಸೋಗುಗಾರನನ್ನು ಸುಲಭವಾಗಿ ಹಿಡಿಯುತ್ತಿತ್ತು. ಜೊತೆಗೆ ತನ್ನವರನ್ನೂ ಬಿಗಿಯಾಗಿ ಹಿಡಿದಿಡುತ್ತಿತ್ತು.

3

ಪರರ ರೂಪವನ್ನು ಧರಿಸುವುದರ ಬಗೆಗಿನ ಆತಂಕ ನಮ್ಮ ಕಥಾಪರಂಪರೆಯಲ್ಲಿ ಬಹಳ ಹಳೆಯದು. ಗೌತಮನ ರೂಪದಲ್ಲಿ ಬಂದ ಇಂದ್ರನಿಂದ ಅಹಲ್ಯೆಗೆ ಒದಗಿದ ದುರ್ಗತಿ ಎಲ್ಲರಿಗೂ ತಿಳಿದದ್ದು. ನಳೋಪಾಖ್ಯಾನದಲ್ಲಿ ನಾಲ್ವರು ದೇವತೆಗಳು ನಳನ ರೂಪದಲ್ಲಿ ಕುಳಿತಾಗ ದಮಯಂತಿ ನೆರಳು, ಬೆವರು, ಬಾಡಿದ ಹೂಮಾಲೆ ಇತ್ಯಾದಿಗಳಿಂದ ನಿಜವಾದ ನಳನನ್ನು ಗುರುತಿಸುತ್ತಾಳೆ. ಕನಕದಾಸರ ‘ನಳಚರಿತ್ರೆ’ಯಿಂದಾಗಿ ಈ ನಳ-ದಮಯಂತಿಯರ ಕಥೆ ಕನ್ನಡಿಗರಿಗೆ ಆಪ್ತವಾಗಿದೆ. ಇಲ್ಲಿ ಗಮನಿಸಬೇಕಾದುದು ಪರೀಕ್ಷೆಯ ಸ್ವರೂಪ. ಬಾಹ್ಯರೂಪವನ್ನು ನಕಲು ಮಾಡಬಹುದು. ಜೀವಂತ ದೇಹದ ಸಹಜ ಲಕ್ಷಣಗಳನ್ನು ನಕಲು ಮಾಡುವುದು ಕಷ್ಟ. ಬೆರಳು ಇಟ್ಟದ್ದು ಜೀವಂತ ಮನುಷ್ಯನೋ ಕೃತಕ ಅಚ್ಚೋ ಎಂದು ಪರೀಕ್ಷಿಸಲು ಇಂದಿನ ಯಂತ್ರಗಳು ಯತ್ನಿಸುವುದೂ ಇದೇ ತತ್ತ್ವದ ಮೇಲೆ.

ಜನಪದ ಸಮಾಜ ಸೋಗನ್ನು ಸಂಪೂರ್ಣವಾಗಿ ನಿಷೇಧಿಸಲಿಲ್ಲ. ಅದಕ್ಕೊಂದು ಸ್ಥಾನ ಕೊಟ್ಟು ಮಿತಿಯನ್ನೂ ವಿಧಿಸಿತು. ಹಗಲುವೇಷಗಾರರೂ ಗಡಿಭಾಗದ ಬಹುರೂಪಿಗಳೂ ದೇವರ, ರಾಜರ, ಕೆಲವೊಮ್ಮೆ ಪೊಲೀಸರ ವೇಷದಲ್ಲಿಯೂ ಮನೆಬಾಗಿಲಿಗೆ ಬರುತ್ತಿದ್ದರು. ಕ್ಷಣಕಾಲ ಬೆದರಿದ ಮನೆಯವರು ನಿಜ ತಿಳಿದು ನಕ್ಕು, ಕಾಸು ಕೊಡುತ್ತಿದ್ದರು. ವೇಷ ಕೊನೆಗೆ ಬಯಲಾಗಲೇಬೇಕು ಎಂಬುದು ಈ ಕಲೆಯ ಅಲಿಖಿತ ನಿಯಮ. ವೇಷವನ್ನು ಕಳಚದೆಯೇ ಹಣ ಪಡೆಯುವವನು ಕಲಾವಿದನಲ್ಲ, ಠಕ್ಕ.

ರಾಜಕೀಯ ಚರಿತ್ರೆಯಲ್ಲಿ ಇಂಥ ಕಳಚದ ವೇಷಗಳ ನಿದರ್ಶನಗಳಿವೆ. 1761ರ ಪಾಣಿಪತ್ ಯುದ್ಧದಲ್ಲಿ ಮಡಿದ ಸದಾಶಿವರಾವ್ ಭಾವುವೇ ತಾನೆಂದು ಹೇಳಿಕೊಂಡ ವ್ಯಕ್ತಿಯೊಬ್ಬನು ಮರಾಠಾ ರಾಜ್ಯದಲ್ಲಿ ದೊಡ್ಡ ಗಲಭೆಗೆ ಕಾರಣನಾಗಿ 1776ರಲ್ಲಿ ಮರಣದಂಡನೆಗೆ ಗುರಿಯಾದನು. ಮರಾಠಿಯ ‘ತೋತಯಾ’ ಎಂಬ ಶಬ್ದ ಅವನ ಪ್ರಸಂಗದೊಂದಿಗೇ ಬೆಸೆದುಕೊಂಡಿದೆ. ಕನ್ನಡ ನಾಡಿನಲ್ಲಿ ಇದಕ್ಕಿಂತ ಅರ್ಥಪೂರ್ಣವಾದ ನಿದರ್ಶನ 1830ರ ನಗರ ದಂಗೆಯದು. ಮೈಸೂರು ಗ್ಯಾಸೆಟಿಯರಿನ ವಿವರಣೆಯಂತೆ, ಬೂದಿ ಬಸವಪ್ಪನೆಂದು ಪ್ರಸಿದ್ಧನಾದ ಸದರಮಲ್ಲನು ಜಂಗಮನೊಬ್ಬನ ಸೇವೆಯಲ್ಲಿದ್ದನು. ನಗರದ ಹಳೆಯ ಅರಸುಮನೆತನದ ಮುದ್ರೆಗಳು ಆ ಜಂಗಮನ ವಶದಲ್ಲಿದ್ದು, ಅವನು ತೀರಿಕೊಂಡ ಮೇಲೆ ಸದರಮಲ್ಲನ ಕೈಸೇರಿದವು. ಅವುಗಳ ಬಲದಿಂದ ಅವನು ತಾನೇ ನಗರದ ಒಡೆಯನೆಂದು ಘೋಷಿಸಿಕೊಂಡನು.

ದಂಗೆಗೆ ಕಂದಾಯದ ಹೊರೆಯೇ ಮೊದಲಾದ ನಿಜವಾದ ಕಾರಣಗಳಿದ್ದವು. ರೈತರ ಆಕ್ರೋಶವನ್ನು ಒಬ್ಬನ ಮೋಸವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೂ ಮುದ್ರೆಯ ಪಾತ್ರ ಮುಖ್ಯವಾದುದು. ಮುದ್ರೆಯನ್ನು ಮಾಡಿಸಿದ ಅರಸುಮನೆತನದ ಆಳ್ವಿಕೆ 1763ರಲ್ಲಿಯೇ ಹೈದರಾಲಿಯಿಂದ ಕೊನೆಗೊಂಡಿತ್ತು. ಸುಮಾರು ಏಳು ದಶಕಗಳ ತರುವಾಯವೂ ಅದರ ಮುದ್ರೆ ಜೀವಂತವಾಗಿತ್ತು. ಗುರುತನ್ನು ವ್ಯಕ್ತಿಯಿಂದ ಬಿಡಿಸಿ ವಸ್ತುವೊಂದರಲ್ಲಿ ಇಟ್ಟಾಗ, ವಸ್ತು ಯಾರ ಕೈಯಲ್ಲಿದೆಯೋ ಗುರುತೂ ಅವನದಾಗುತ್ತದೆ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

4

ಮುದ್ರೆಯ ಈ ದೌರ್ಬಲ್ಯಕ್ಕೆ ಪರಿಹಾರವೆಂಬಂತೆ ಬಂದದ್ದು ಬೆರಳಚ್ಚು. ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ 1858ರಲ್ಲಿ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಒಪ್ಪಂದಪತ್ರದ ಮೇಲೆ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. 1877ರಲ್ಲಿ ಹೂಗ್ಲಿಯಲ್ಲಿದ್ದಾಗ ಪಿಂಚಣಿ ಮತ್ತು ದಸ್ತೈವಜುಗಳ ನೋಂದಣಿಯಲ್ಲಿ ಬೆರಳಚ್ಚನ್ನು ಬಳಕೆಗೆ ತಂದನು. ಒಬ್ಬನ ಹೆಸರಿನಲ್ಲಿ ಇನ್ನೊಬ್ಬನು ಬಂದು ಪಿಂಚಣಿ ಪಡೆಯುವುದನ್ನೂ ಪತ್ರ ಬರೆದುಕೊಡುವುದನ್ನೂ ತಡೆಯುವುದೇ ಅವನ ಗುರಿಯಾಗಿತ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಸ್ಥಾಪನೆಯಾಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯ ಅಧಿಕಾರಿಗಳು ವರ್ಗೀಕರಣ ಪದ್ಧತಿಯನ್ನು ರೂಪಿಸುವಲ್ಲಿ ದೊಡ್ಡ ಪಾತ್ರ ವಹಿಸಿದರು. ಇಂದು ಗುರುತಿನ ಕಳವಿಗೆ ಬಳಕೆಯಾಗುತ್ತಿರುವ ಬೆರಳಚ್ಚು ಗುರುತಿನ ಕಳವನ್ನು ತಡೆಯಲೆಂದೇ ಆಡಳಿತದೊಳಕ್ಕೆ ಬಂದಿತೆಂಬುದು ಚರಿತ್ರೆಯ ವ್ಯಂಗ್ಯ.

ಹಳ್ಳಿಗಳಲ್ಲಿ ಹೆಬ್ಬೆಟ್ಟಿಗೆ ಬೇರೆಯೇ ಅರ್ಥ ಬಂದಿತು. ‘ಹೆಬ್ಬೆಟ್ಟಿನವನು’ ಎಂದರೆ ಓದುಬರಹ ಬಾರದವನು. ಸಹಿಗೆ ಬದಲಾಗಿ ಒತ್ತಿದ ಹೆಬ್ಬೆಟ್ಟು ಒತ್ತಿದವನನ್ನು ಖಚಿತವಾಗಿ ತೋರಿಸುತ್ತಿತ್ತು. ಆದರೆ ಪತ್ರದಲ್ಲಿ ಬರೆದದ್ದೇನೆಂದು ಅವನಿಗೆ ತಿಳಿದಿತ್ತೆಂಬುದಕ್ಕೆ ಅದು ಸಾಕ್ಷಿಯಾಗಿರಲಿಲ್ಲ. ಬರಿದಾದ ಛಾಪಾಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ನುಂಗಿದ ಸಾಹುಕಾರನ ಕಥೆ ನಮ್ಮ ಗ್ರಾಮೀಣ ನೆನಪಿನ ಸ್ಥಾಯೀ ಭಾಗವಾಗಿದೆ. ಅಂದಿನ ಮೋಸದಲ್ಲಿ ಬೆರಳು ನಿಜವಾದದ್ದು, ಬರಹ ಸುಳ್ಳು. ಇಂದಿನ ಮೋಸದಲ್ಲಿ ಬೆರಳೇ ಸುಳ್ಳು.

ದಾಖಲೆಗಳ ಪಾಲಕರೂ ಬದಲಾದರು. 1950ರ ಮುಂಬಯಿ ಕಾಯ್ದೆಯಿಂದ ವಂಶಪಾರಂಪರ್ಯದ ಕುಲಕರ್ಣಿ ವತನಗಳು ರದ್ದಾದವು. ದಫ್ತರ ತಲಾಟಿಯ ಕೈಗೆ ಬಂದಿತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ಕೈಗೊಂಡ ‘ಭೂಮಿ’ ಯೋಜನೆಯಿಂದ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳು ಗಣಕಯಂತ್ರವನ್ನು ಸೇರಿದವು. ಚಾವಡಿಯಲ್ಲಿ ಕೈಬರಹದ ಉತಾರಕ್ಕಾಗಿ ಕಾಯುತ್ತಿದ್ದ ರೈತನಿಗೆ ಇದರಿಂದ ಆದ ಉಪಕಾರ ದೊಡ್ಡದು. ತಲಾಟಿಯೊಬ್ಬನ ಇಚ್ಛೆಯಂತೆ ಹೆಸರು ಬದಲಾಗುವ ಭಯ ಕಡಿಮೆಯಾಯಿತು. ಆದರೆ ತನ್ನ ಮಾಹಿತಿ ಎಲ್ಲಿದೆ, ಅದನ್ನು ಯಾರು ನೋಡುತ್ತಾರೆ ಎಂಬುದು ಹೆಳವನ ಮುಂದೆ ಕುಳಿತವನಿಗೆ ತಿಳಿದಿದ್ದಂತೆ ಇವನಿಗೆ ತಿಳಿಯುವುದಿಲ್ಲ.

5

ಕಾವೇರಿ ಪ್ರಕರಣವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದು ಮೂರು ಒಳ್ಳೆಯ ಉದ್ದೇಶಗಳು ಸಂಧಿಸಿದಲ್ಲಿ ಹುಟ್ಟಿದ ಕೇಡೆಂಬುದು ಸ್ಪಷ್ಟವಾಗುತ್ತದೆ. 2001ರ ತಿದ್ದುಪಡಿಯಿಂದ 1908ರ ನೋಂದಣಿ ಕಾಯ್ದೆಗೆ ಸೇರಿದ 32ಎ ಕಲಮು ಪತ್ರದಲ್ಲಿ ಭಾವಚಿತ್ರ ಮತ್ತು ಬೆರಳಚ್ಚು ಇರಬೇಕೆಂದು ವಿಧಿಸುತ್ತದೆ. ಸುಳ್ಳು ವ್ಯಕ್ತಿ ಬಂದು ಆಸ್ತಿ ಮಾರದಿರಲೆಂಬುದು ಅದರ ಆಶಯ. ಅದೇ ಕಾಯ್ದೆಯ 57ನೆಯ ಕಲಮು ಸ್ಥಿರಾಸ್ತಿಯ ನೋಂದಣಿ ಪುಸ್ತಕಗಳನ್ನು ಪರಿಶೀಲಿಸುವ ಹಕ್ಕನ್ನು ಸಾರ್ವಜನಿಕರಿಗೆ ಕೊಡುತ್ತದೆ. ಕೊಳ್ಳುವವನು ಮೋಸಹೋಗದಿರಲೆಂಬುದು ಅದರ ಆಶಯ. ಮೂರನೆಯದು ಆಧಾರ್. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ಟೆಂಭಲಿಯಲ್ಲಿ ಮೊದಲ ಸಂಖ್ಯೆಯನ್ನು ವಿತರಿಸುವುದರೊಂದಿಗೆ ಅದು ಆರಂಭವಾಯಿತು. ಅದನ್ನು ಆಧರಿಸಿದ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳು ಇದ್ದರೆ ಹಣ ಪಡೆಯಬಹುದು; ಬ್ಯಾಂಕು ದೂರವಿರುವ, ಅಕ್ಷರ ಬಾರದ ಹಳ್ಳಿಗರಿಗೆ ಊರಲ್ಲೇ ಹಣ ಸಿಗಲೆಂಬುದು ಅದರ ಆಶಯ.

ಬಿಡಿಬಿಡಿಯಾಗಿ ನೋಡಿದರೆ ಮೂರೂ ಸರಿ. ಆದರೆ ಮೊದಲ ಎರಡು ಕಲಮುಗಳಲ್ಲಿ ಬೆರಳಚ್ಚು ಒಂದು ಗುರುತು. ಮೂರನೆಯ ವ್ಯವಸ್ಥೆಯಲ್ಲಿ ಅದು ಕೀಲಿ. ಗುರುತು ತೋರಿಸುವಂಥದು, ಕೀಲಿ ಅಡಗಿಸುವಂಥದು. ಹಣೆಯ ಹಚ್ಚೆಯನ್ನು ಯಾರೂ ಮುಚ್ಚಿಕೊಂಡು ತಿರುಗುವುದಿಲ್ಲ. ಕಣಜದ ಕೀಲಿಯನ್ನು ಯಾರೂ ಅಗಸಿಯ ಬಾಗಿಲಿಗೆ ತೂಗುಹಾಕುವುದಿಲ್ಲ. ಒಂದೇ ವಸ್ತು ಎರಡೂ ಆದಾಗ ಅದನ್ನು ಕಾಯುವುದು ಅಸಾಧ್ಯ. ಕೀಲಿ ಕಳೆದರೆ ಬೀಗವನ್ನಾದರೂ ಬದಲಿಸಬಹುದು, ಬೆರಳನ್ನು ಬದಲಿಸುವಂತಿಲ್ಲ. ಪ್ರಕರಣದ ತರುವಾಯ ಜಾಲತಾಣದ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮ ಕೈಗೊಂಡದ್ದು ಯೋಗ್ಯವೇ. ಆದರೆ ಅದಕ್ಕೂ ಮೊದಲು ಹೊರಬಿದ್ದ ಪ್ರತಿಗಳನ್ನು ಮರಳಿ ತರಲಾಗದು.

ಇನ್ನೊಂದು ವೈಪರೀತ್ಯವೂ ಇದೆ. ಕಬ್ಬು ಕಡಿದು, ಕಲ್ಲು ಹೊತ್ತು, ಸುಣ್ಣ-ಸಿಮೆಂಟಿನಲ್ಲಿ ದುಡಿದು ಸವೆದ ಕೈಗಳ ಗೆರೆಗಳನ್ನು ಯಂತ್ರ ಎಷ್ಟೋ ಸಲ ಓದುವುದಿಲ್ಲ. ರೇಷನ್ ಅಂಗಡಿಯ ಮುಂದೆ ಬೆರಳನ್ನು ಒರೆಸಿ ಒರೆಸಿ ಇಟ್ಟರೂ ನಿಜವಾದ ಒಡೆಯ ತಿರಸ್ಕೃತನಾಗುತ್ತಾನೆ. ಅತ್ತ ಕೃತಕ ಅಚ್ಚು ಸ್ವೀಕೃತವಾಗುತ್ತದೆ.

ಗುರುತನ್ನು ಕದಿಯದೆಯೇ, ಅದು ಕಳವಾಗಿದೆಯೆಂಬ ಭಯವನ್ನೇ ಆಯುಧವಾಗಿಸುವ ವಂಚನೆಯೂ ಈಗ ಬಂದಿದೆ. 2025ರ ಮಾರ್ಚಿನಲ್ಲಿ ಬೆಳಗಾವಿ ಜಿಲ್ಲೆಯ ಗ್ರಾಮವೊಂದರ ವೃದ್ಧ ದಂಪತಿಗೆ ಅಧಿಕಾರಿಗಳ ಸೋಗಿನಲ್ಲಿ ಕರೆಮಾಡಿದವರು, ನಿಮ್ಮ ಹೆಸರಿನಲ್ಲಿ ಪಡೆದ ಸಿಮ್ ಕಾರ್ಡು ಅಪರಾಧಕ್ಕೆ ಬಳಕೆಯಾಗಿದೆಯೆಂದು ಹೆದರಿಸಿ, 50 ಲಕ್ಷ ರೂಪಾಯಿಗೂ ಮಿಕ್ಕಿ ಹಣ ಸುಲಿದರು. ಆ ಇಬ್ಬರೂ ಪ್ರಾಣ ಕಳೆದುಕೊಂಡರು. ಪೊಲೀಸ್ ವೇಷದ ಬಹುರೂಪಿ ಅಂಗಳದಲ್ಲಿ ನಿಲ್ಲುತ್ತಿದ್ದಾಗ ಓಣಿಯೇ ನೆರೆದು ನಿಜವನ್ನು ಕಂಡುಕೊಳ್ಳುತ್ತಿತ್ತು. ಫೋನಿನ ಪರದೆಯ ಮೇಲಿನ ವೇಷಗಾರನು ಮೊದಲು ವಿಧಿಸುವ ಕಟ್ಟಳೆಯೇ ‘ಯಾರಿಗೂ ಹೇಳಬೇಡಿ’ ಎಂಬುದು. ನೆರೆಹೊರೆಯಿಂದ ಒಬ್ಬಂಟಿಯಾಗಿಸುವುದೇ ಈ ವಂಚನೆಯ ಮೊದಲ ಹೆಜ್ಜೆ.

6

ರಕ್ಷಣೆಯ ಕ್ರಮಗಳಲ್ಲಿ ಕಾನೂನಿನ ಸ್ಥಾನ ಮೊದಲನೆಯದು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಿಂದ ಸೇರಿ 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂದ 66ಸಿ ಕಲಮು ಗುರುತಿನ ಕಳವಿಗೆ ಮೂರು ವರ್ಷಗಳ ವರೆಗೆ ಸೆರೆ ಮತ್ತು ಒಂದು ಲಕ್ಷ ರೂಪಾಯಿಗಳ ವರೆಗೆ ದಂಡವನ್ನು ವಿಧಿಸುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವ್ಯಕ್ತಿಗತ ಡಿಜಿಟಲ್ ಮಾಹಿತಿ ಸಂರಕ್ಷಣೆಯ ಕಾಯ್ದೆ ರೂಪುಗೊಂಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ನಿಗದಿಯಾಗಿವೆ. ತನ್ನ ಬಗ್ಗೆ ಏನು ದಾಖಲಾಗಿದೆಯೆಂದು ತಿಳಿಯುವ, ತಪ್ಪನ್ನು ತಿದ್ದಿಸುವ, ಬೇಡವಾದುದನ್ನು ಅಳಿಸುವ ಹಕ್ಕುಗಳನ್ನು ಅದು ಹೇಳುತ್ತದೆ. ಮೊದಲ ಎರಡು ಹೆಳವನ ಮುಂದೆ ಕುಳಿತ ಮನೆಯವರಿಗೆ ರೂಢಿಯಿಂದಲೇ ಇದ್ದವು. ಮೂರನೆಯದು, ತನ್ನ ಗುರುತನ್ನು ಅಳಿಸಿಕೊಳ್ಳುವ ಹಕ್ಕು, ಹಳೆಯ ಸಮಾಜ ಕೊಡದೆಹೋದದ್ದು.

ವ್ಯಕ್ತಿಯ ಮಟ್ಟದ ಎಚ್ಚರಗಳೂ ಅವಶ್ಯ. ಆಧಾರ್ ಪ್ರಾಧಿಕಾರ ಒದಗಿಸಿರುವ ಸೌಲಭ್ಯದಿಂದ ಬೆರಳಚ್ಚನ್ನು ಬೀಗಹಾಕಿ, ಬೇಕಾದಾಗ ಮಾತ್ರ ತೆರೆಯಬಹುದು. ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಬಳಸಬಹುದು. ಝೆರಾಕ್ಸ್ ಪ್ರತಿ ಕೊಡಲೇಬೇಕಾದಲ್ಲಿ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದೆಂದು ಅದರ ಮೇಲೆಯೇ ಬರೆಯುವುದು ಒಳ್ಳೆಯದು. ಹಣ ಹೋದುದು ತಿಳಿದ ಕೂಡಲೇ 1930 ಸಂಖ್ಯೆಗೂ ಬ್ಯಾಂಕಿಗೂ ತಿಳಿಸಬೇಕು. ಖಾತೆದಾರನ ತಪ್ಪಿಲ್ಲದೆ ಹೊರಗಿನವರಿಂದ ಆದ ವಂಚನೆಯನ್ನು ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿದೆ.

ಆದರೆ ಹೊಣೆಯನ್ನೆಲ್ಲ ಹಳ್ಳಿಗನ ಹೆಗಲಿಗೇರಿಸುವುದು ನ್ಯಾಯವಲ್ಲ. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಆಧಾರ್ ಪ್ರತಿಯನ್ನು ಎಲ್ಲೆಂದರಲ್ಲಿ ಕೊಡಬಾರದೆಂದು ಪ್ರಕಟಣೆ ಹೊರಡಿಸಿತು. ಎರಡೇ ದಿನಗಳಲ್ಲಿ, ತಪ್ಪಾಗಿ ಅರ್ಥೈಸುವ ಸಾಧ್ಯತೆಯಿದೆಯೆಂಬ ಕಾರಣದಿಂದ, ಅದನ್ನು ಹಿಂತೆಗೆದುಕೊಳ್ಳಲಾಯಿತು. ಕೊಡಬೇಕೋ ಬಾರದೋ ಎಂಬುದರಲ್ಲಿ ಕಚೇರಿಗಳ ಮಾತೇ ಹೀಗೆ ಬದಲಾಗುವಾಗ, ಗ್ಯಾಸ್, ಸಾಲ, ಸಿಮ್ ಎಂದು ಹತ್ತು ಕಡೆ ಪ್ರತಿ ಕೊಟ್ಟ ರೈತನನ್ನು ಅಜ್ಞಾನಿಯೆಂದು ದೂಷಿಸಲಾಗದು. ಕೊಡದಿದ್ದರೆ ಅವನ ಕೆಲಸವೇ ಆಗುವುದಿಲ್ಲ.

7

ಮೇಲಿನ ಪರಿಶೀಲನೆಯಿಂದ ಒಂದು ನಿರ್ಣಯಕ್ಕೆ ಬರಬಹುದು. ಗುರುತಿನ ಕಳವು ಸಾಧ್ಯವಾಗುವುದು ಗುರುತು ವ್ಯಕ್ತಿಯಿಂದ ಬೇರ್ಪಟ್ಟು, ಅದೇ ಅಧಿಕಾರದ ಕೀಲಿಯೂ ಆದಾಗ. ನಗರದ ಮುದ್ರೆಗೂ ಕಾವೇರಿಯ ಬೆರಳಚ್ಚಿಗೂ ಈ ವಿಷಯದಲ್ಲಿ ಭೇದವಿಲ್ಲ. ಆದ್ದರಿಂದ ಬೆರಳಚ್ಚೊಂದನ್ನೇ ನಂಬಿ ಹಣ ಕೊಡುವ ಪದ್ಧತಿಯನ್ನು ಬದಲಿಸಿ, ಗುರುತಿನ ಜೊತೆಗೆ ಬದಲಾಯಿಸಬಹುದಾದ ಗುಟ್ಟೊಂದನ್ನು ಸೇರಿಸುವುದು ಆಡಳಿತದ ಕರ್ತವ್ಯ. ಮಾಹಿತಿಯನ್ನು ಇಟ್ಟುಕೊಂಡವರು ಅದನ್ನು ಮಾಹಿತಿಯ ಒಡೆಯನ ಎದುರಿಗೆ, ಅವನ ಭಾಷೆಯಲ್ಲಿ, ಅವನು ತಿದ್ದುವಂತೆ ತೆರೆದಿಡಬೇಕು. ಓದಲು ಬಾರದವನಿಗೆ ಅದನ್ನು ಓದಿ ಹೇಳುವ ವ್ಯವಸ್ಥೆಯಾಗಬೇಕು. ಹಕ್ಕುಗಳೆಲ್ಲ ಜಾಲತಾಣದ ಅರ್ಜಿಯಲ್ಲೇ ಉಳಿದರೆ ಹೆಬ್ಬೆಟ್ಟಿನವನಿಗೆ ಅವು ಇದ್ದೂ ಇಲ್ಲದಂತೆ.

ಹೆಳವರ ಹೊತ್ತಿಗೆಗಳನ್ನು ಸಂಗ್ರಹಿಸಿ ಗಣಕೀಕರಿಸಬೇಕೆಂಬ ಹಂಬಲ ಜಾನಪದ ಸಂಶೋಧಕರಾದ ನಮ್ಮಲ್ಲಿಯೂ ಇದೆ. ಅದು ಅಗತ್ಯವಾದ ಕಾರ್ಯವೇ. ಆದರೆ ಆ ಹೊತ್ತಿಗೆಗಳಲ್ಲಿರುವುದು ಬದುಕಿರುವ ಮನೆತನಗಳ ಮಾಹಿತಿ. ಸತ್ತವರ ಹೆಸರುಗಳ ಕೊನೆಯಲ್ಲಿ ಇಂದಿನ ಮಕ್ಕಳ ಹೆಸರುಗಳೂ ಇವೆ. ಹೆಳವನು ಒಂದು ಮನೆಯ ಮುಂದೆ ನಿಂತು ಆ ಮನೆಯವರಿಗೆ ಹೇಳಿದ್ದನ್ನು ಇಡೀ ಲೋಕಕ್ಕೆ ತೆರೆದಿಡುವ ಮೊದಲು ಹೆಳವನನ್ನೂ ಆ ಮನೆಯವರನ್ನೂ ಕೇಳಬೇಕು. ಗುರುತಿನ ಕಾವಲಿನ ನೀತಿಯನ್ನು ಸರ್ಕಾರಕ್ಕೂ ಬ್ಯಾಂಕಿಗೂ ಬೋಧಿಸುವ ಸಂಶೋಧನೆ ಮೊದಲು ತನ್ನ ಸಂಗ್ರಹಗಳಲ್ಲಿಯೇ ಅದನ್ನು ಪಾಲಿಸಿ ತೋರಿಸಬೇಕಾಗಿದೆ.